ಕಿಮೋ ನಡೆದಾಗ ಹಾಲು, ಶೇಂಗಾ, ತೊಗರಿಬ್ಯಾಳಿ ಬಿಡಬೇಕೇನ್ರಿ?

ಬೆಟಗೇರಿ_ಗದಗ: ನಮ್ಮ ಚಿಗವ್ವಗ ಸ್ತನ ಕ್ಯಾನ್ಸರ್. ಆಪರೇಷನ್ ಆಗಿ ಹುಬ್ಬಳ್ಳಿಯೊಳಗ ಕಿಮೋ ನಡದೈತಿ. ತೂಕ 48 ಕೆಜಿ. ಗಾಯಕ್ಕ ನಂಜು ಅಂತ ಬದ್ನಿಕಾಯಿ, ಶೇಂಗಾ, ತೊಗರಿಬ್ಯಾಳಿ, ತತ್ತಿ ಬಿಡಿಸ್ಯಾರ. ಗಂಟು ಬೆಳಿತೈತಿ ಅಂತ ಹಾಲು, ಬೆಲ್ಲನೂ ಬಂದ್. ರೋಗ ಇಲ್ಲದ ಅವರ ಹೆಣ್ಮಕ್ಕಳೂ ಹೆದರಿ ಹಾಲು ಬಿಟ್ಟಾರ. ಖರೇನ ಬಿಡಬೇಕಾದ್ದು ಯಾವುದು?

ಡಯಟಿಷಿಯನ್_ಹುಬ್ಬಳ್ಳಿ: ಈ ಪಟ್ಟಿಯೊಳಗ ಬಿಡಬೇಕಾದ್ದು ಒಂದೂ ಇಲ್ಲರಿ. ಬದ್ನಿಕಾಯಿ ತಿಂದ್ರ ಗಾಯ ಕೀವಾಗೂದಿಲ್ಲ. ಅದನ್ನ ತಿಂದಾಗ ಮೊದಲಿಂದ ಮೈ ತುರಿಸತಿದ್ರ ಮಾತ್ರ ಬ್ಯಾಡ. ಚಿಕಿತ್ಸೆಯೊಳಗ ಕೆಜಿ ತೂಕಕ್ಕ ದಿನಾ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 48 ಕೆಜಿಗೆ 58ರಿಂದ 72 ಗ್ರಾಂ. ಅರ್ಧ ಲೀಟರ್ ಹಾಲು-ಮೊಸರಿಗೆ ಸುಮಾರು 16, ಎರಡು ತತ್ತಿಗೆ 12, 60 ಗ್ರಾಂ ಬ್ಯಾಳಿ ಇಲ್ಲಾ ಮಡಿಕಿ ಕಾಳಿಗೆ 13, ಒಂದು ಹಿಡಿ ಶೇಂಗಾಕ್ಕ 7, 100 ಗ್ರಾಂ ಜ್ವಾಳದ ಹಿಟ್ಟಿನ ರೊಟ್ಟಿಗೆ 10. ಕೂಡಿಸಿದ್ರ 58. ಬಿಡಿಸಿದ್ದನ್ನೆಲ್ಲ ತಗದ್ರ ರೊಟ್ಟಿಯ 10 ಅಷ್ಟ ಉಳಿತು! ಗಾಯ ಮಾಯಬೇಕಂದ್ರ ಪ್ರೋಟೀನ್ ಬೇಕ ಬೇಕು. ಇನ್ನ ಬೆಲ್ಲ: ಮೈಯೊಳಗಿನ ಎಲ್ಲಾ ಜೀವಕೋಶಕ್ಕೂ ಸಕ್ಕರಿ ಬೇಕು, ಬೆಲ್ಲ ಬಿಟ್ರೂ ರೊಟ್ಟಿ-ಅನ್ನದಿಂದ ಅದು ರಕ್ತಕ್ಕ ಸೇರತೈತಿ. ಶುಗರ್ ಇದ್ದವರ ಮಾತು ಬ್ಯಾರೆ.

ನರ್ಸ್_ಹಾವೇರಿ: ಬಿಡಬೇಕಾದ್ದು ಹಸಿದು. ಕಿಮೋ ಆದ 7ರಿಂದ 14ನೇ ದಿನದ ಸುಮಾರಿಗೆ ಸೋಂಕು ತಡಿಯೋ ಬಿಳಿ ರಕ್ತಕಣ ಭಾಳ ಇಳಿತಾವ. ಆಗ ಹಸಿ ಮೆಂತೆ-ಉಳ್ಳಾಗಡ್ಡಿ ಪಚಡಿ, ಕರಿಂಡಿ, ಕಾಸದ ಹಾಲು, ಅರ್ಧ ಬೆಂದ ತತ್ತಿ, ಗಾಡಿಮ್ಯಾಲೆ ಹೆಚ್ಚಿಟ್ಟ ಹಣ್ಣು ಕೊಡಬ್ಯಾಡ್ರಿ. ಬಾಳಿಹಣ್ಣು ನಡಿತೈತಿ. ಬಾಯಿ ಹುಣ್ಣಾದ್ರ ಕಟಕ್ ರೊಟ್ಟಿ, ಖಾರ ಬಿಟ್ಟು ಜ್ವಾಳದ ನುಚ್ಚಿಗೆ ಮೊಸರು ಕಲಿಸಿ ಕೊಡ್ರಿ. ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡಿಗಿ ಸೋಡಾ ಹಾಕಿ ಮುಕ್ಕಳಿಸಿ ಉಗುಳಬೇಕು.

ಬೆಟಗೇರಿ_ಗದಗ: ಮುಂದ ಹಾರ್ಮೋನ್ ಗುಳಿಗಿ ಅಂದಾರ. ಅಗಸಿ ಹಿಂಡಿ, ಸೋಯಾ ನಡಿತಾವೇನ್ರಿ?

ಡಯಟಿಷಿಯನ್_ಹುಬ್ಬಳ್ಳಿ: ಊಟದೊಳಗ ಒಂದೆರಡು ಚಮಚ ಅಗಸಿ ಹಿಂಡಿ, ಪಲ್ಯಾದಾಗ ಸೋಯಾ ಅಡ್ಡಿಯಿಲ್ಲ. ಸೋಯಾ ಗುಳಿಗಿ, ಅರಿಷಿಣದ ಕ್ಯಾಪ್ಸೂಲ್ ಡಾಕ್ಟರನ್ನ ಕೇಳದ ಬ್ಯಾಡ. ಹಾರ್ಮೋನ್ ಗುಳಿಗಿಯೊಳಗ ಲೆಟ್ರೋಜೋಲ್ ಅನ್ನೋದನ್ನ ಬರದ್ರ ಎಲುಬು ಸವಿತಾವ, ಆಗಂತೂ ಹಾಲು ಬಿಡಲೇಬಾರದು. ಹೆಣ್ಮಕ್ಕಳಿಗೂ ಹೇಳ್ರಿ: ಹಾಲಿನಿಂದ ಸ್ತನ ಕ್ಯಾನ್ಸರ್ ಬರ್ತೈತಿ ಅನ್ನಾಕ ಆಧಾರ ಇಲ್ಲ. ಅಪಾಯ ಹೆಚ್ಚಿಸೋದು ಮದ್ಯ, ಮುಟ್ಟು ನಿಂತಮ್ಯಾಲಿನ ಬೊಜ್ಜು. ಅವ್ವಗ ಆಗೈತಿ ಅಂದಮ್ಯಾಲೆ ತಪಾಸಣಿ ಯಾವ ವಯಸ್ಸಿಗೆ ಶುರು ಮಾಡಬೇಕು ಅಂತ ಅವರು ಕೇಳಬೇಕು.

ನರ್ಸ್_ಹಾವೇರಿ: ಮನ್ಯಾಗ ಥರ್ಮಾಮೀಟರ್ ಇಡ್ರಿ. ಜ್ವರ 100.4 ಡಿಗ್ರಿ ಮುಟ್ಟಿದ್ರ ಬೆಳಗಾಗೂತನಕ ಕಾಯಬ್ಯಾಡ್ರಿ, ರಾತ್ರಿನ ಆಸ್ಪತ್ರೆಗೆ ಹೊರಡ್ರಿ.