‘ಇಂಜಿನ್ ಆರಿಸು’ ಅಂದರೆ ಬಂದ್ ಮಾಡೋದಾ, ತಣ್ಣಗೆ ಮಾಡೋದಾ?

ಎಲ್ಲರಿಗೂ ನಮಸ್ಕಾರ. ‘ಆರು’, ‘ಆರಿಸು’ ಪದಗಳ ಬಗ್ಗೆ ನನಗೊಂದು ಪ್ರಶ್ನೆ ಇದೆ. ಅದು ಹುಟ್ಟಿದ್ದು ರಸ್ತೆ ಮೇಲೆ, ಹಾಗಾಗಿ ಮೊದಲು ಆ ಕಥೆ ಹೇಳಿಬಿಡುತ್ತೇನೆ.

ನಾನು ತುಮಕೂರು ಕಡೆಯವಳು. ನಾಲ್ಕು ವರ್ಷದಿಂದ ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದೇನೆ. ಹೋದ ಮೇ ತಿಂಗಳು ಮಟಮಟ ಮಧ್ಯಾಹ್ನ ವಿಜಯಪುರದಿಂದ ಕಾರಿನಲ್ಲಿ ವಾಪಸ್ ಬರುತ್ತಿದ್ದೆ. ಕೊಲ್ಹಾರದ ಸೇತುವೆ ಇನ್ನೂ ಸ್ವಲ್ಪ ದೂರ ಇತ್ತು. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ ಸಂದಿಯಿಂದ ಹಬೆ ಬಂತು. ಎಡಕ್ಕೆ ಸರಿಸಿ ನಿಲ್ಲಿಸಿದೆ. ನಾಲ್ಕೂ ಇಂಡಿಕೇಟರ್ ಹಾಕಿದೆ. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಅವಳಿಗೆ ಏಸಿ ಬೇಕಲ್ಲ ಅಂತ ಇಂಜಿನ್ ಚಾಲೂ ಇಟ್ಟೇ ಇಳಿದೆ. ಅದು ದೊಡ್ಡ ತಪ್ಪು.

ಬೇವಿನ ಮರದ ಕೆಳಗೆ ಎಮ್ಮೆ ಬಿಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜ ಅಲ್ಲಿಂದಲೇ ಕೂಗಿದರು: “ಯವ್ವಾ, ಮೊದ್ಲ ಇಂಜಿನ್ ಆರಸು!”

ನನ್ನ ಕಿವಿಗೆ ಅದು ‘ತಣ್ಣಗೆ ಮಾಡು’ ಅಂತ ಕೇಳಿಸಿತು. ನಮ್ಮ ಕಡೆ ಮಗುವಿಗೆ “ಹಾಲು ಆರಿಸಿ ಕೊಡು” ಅಂತೀವಿ. ಎರಡು ಲೋಟದಲ್ಲಿ ಮೇಲೆ ಕೆಳಗೆ ಹೊಯ್ದು ಬಿಸಿ ಇಳಿಸೋದು. ಅದೇ ಅರ್ಥ ಹಿಡಿದು ನೀರಿನ ಬಾಟಲಿ ತಗೊಂಡೆ, ಬಾನೆಟ್ ಎತ್ತಿದೆ, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದೆ. ಅಜ್ಜ ಓಡಿ ಬಂದರು. “ಮುಚ್ಚಳಾ ತಗೀಬ್ಯಾಡ! ಬಂದ್ ಮಾಡು ಅಂದ್ನಿ ನಾ!” ಚಾವಿ ತಿರುಗಿಸಿ ಇಂಜಿನ್ ನಿಲ್ಲಿಸಿದ ಮೇಲೆ ಅವರು ಹೇಳಿದ್ದು: “ಈಗ ಆರ್ಲಿ ಬಿಡು. ಕೂಸಿನ್ನ ನೆಳ್ಳಿಗೆ ಕರ್ಕೊಂಡು ಬಾ.”

ನೋಡಿ, ಒಂದೇ ಬೇರಿನ ಪದ, ಎರಡು ನಿಮಿಷದಲ್ಲಿ ಎರಡು ಅರ್ಥ. ‘ಆರಸು’ ಅಂದರೆ ದೀಪ ಆರಿಸಿದ ಹಾಗೆ ನಿಲ್ಲಿಸು. ‘ಆರ್ಲಿ’ ಅಂದರೆ ಬಿಸಿ ಇಳಿಯಲಿ. ಇಲ್ಲಿ ಮನೆಗಳಲ್ಲಿ “ಚಹಾ ಆರತೈತಿ, ಕುಡೀರಿ” ಅನ್ನೋದು ದಿನಾ ಕೇಳುತ್ತೇನೆ. ಆದರೆ ಇಂಜಿನ್ ನಿಲ್ಲಿಸೋದಕ್ಕೆ ‘ಆರಸು’ ಅನ್ನೋದನ್ನು ಅವತ್ತೇ ಮೊದಲು ಕೇಳಿದ್ದು. ಎಲ್ಲರೂ ಸಾಮಾನ್ಯವಾಗಿ ‘ಬಂದ್ ಮಾಡು’ ಅಂತಾರೆ.

ಹಳಗನ್ನಡದಲ್ಲಿ ಇದು ಶಕಟರೇಫದ, ಅಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ ‘ಆಱು’. ತಮಿಳಿನಲ್ಲೂ ಇದೇ ಪದಕ್ಕೆ ತಣ್ಣಗಾಗು, ಗಾಯ ಮಾಯು ಅನ್ನೋ ಅರ್ಥಗಳಿವೆ. ತೆಲುಗಿನಲ್ಲಿ ದೀಪ ಆರುವುದಕ್ಕೂ ಇದೇ. ಕನ್ನಡದಲ್ಲಂತೂ ಬಟ್ಟೆ ಆರುತ್ತೆ, ಬೆಂಕಿ ಆರುತ್ತೆ, ಅನ್ನ ಆರುತ್ತೆ, ದಣಿವೂ ಆರುತ್ತೆ. ಬಾಯಿ ಆರಿದರೆ ಬಾಯಾರಿಕೆ. ಎಷ್ಟು ದುಡಿಯುವ ಪದ ಅಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ಕಾರು ಕಲಿತ ನನ್ನ ಸಹೋದ್ಯೋಗಿಗಳಿಗೆ ಇಂಜಿನ್ ಕಾದು ನಿಂತರೆ ಏನು ಮಾಡಬೇಕು ಅಂತ, ಕಾರಿನಲ್ಲೇ ಇಟ್ಟುಕೊಳ್ಳಲು ಒಂದು ಸಣ್ಣ ಚೀಟಿ ಬರೆಯುತ್ತಿದ್ದೇನೆ. ಇಂಥ ಕಡೆ ‘ಇಂಜಿನ್ ತಂಪಾಗಿಸಿ’ ಅಂತ ಬರೆಯೋದು ರೂಢಿ. ನನಗೆ ಅದು ಅಪಾಯದ ಮಾತು ಅನ್ನಿಸುತ್ತೆ. ‘ತಂಪಾಗಿಸು’ ಅಂದ ಕೂಡಲೇ ಕೈ ನೀರು ಹುಡುಕುತ್ತೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿದರೆ ಲೋಹ ಸೀಳಬಹುದು. ಮುಚ್ಚಳ ತೆಗೆದರೆ ಇನ್ನೂ ಕೆಟ್ಟದ್ದು. ಒಳಗಿನ ನೀರು ಒತ್ತಡದಲ್ಲಿರುತ್ತೆ, ಅದಕ್ಕೇ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತೆ. ಮುಚ್ಚಳ ಸಡಿಲಾದರೆ ಒತ್ತಡ ಇಳಿದು ಒಮ್ಮೆಲೇ ಕುದ್ದು ಮುಖಕ್ಕೆ ಚಿಮ್ಮುತ್ತೆ. ನನ್ನ ಕೈ ಆ ಮುಚ್ಚಳದಿಂದ ಒಂದು ಗೇಣು ದೂರ ಇತ್ತು.

‘ಆರಲು ಬಿಡಿ’ ಅಂದರೆ ಬೇರೆ. ಅದರಲ್ಲಿ ನಾವು ಮಾಡೋ ಕೆಲಸ ಏನೂ ಇಲ್ಲ. ಸುಮ್ನೆ ಕಾಯಬೇಕು, ಕಡಿಮೆ ಅಂದರೂ ಅರ್ಧ ಗಂಟೆ. ನಾನು ಬರೆದುಕೊಂಡಿರುವ ಸಾಲು ಇದು: ‘ಇಂಜಿನ್ ಬಂದ್ ಮಾಡಿ. ಆರಲು ಬಿಡಿ. ಆರುವ ತನಕ ಮುಚ್ಚಳ ಮುಟ್ಟಬೇಡಿ.’ ‘ಆರಿಸಿ’ ಅನ್ನೋದನ್ನು ಬೇಕಂತಲೇ ಬಿಟ್ಟಿದ್ದೇನೆ.

ಇನ್ನೊಂದು ತೊಡಕು ‘ಬಂದ್’ದು. ಬೆಳಗಾವಿ ಕಡೆಯ ಗೆಳತಿ ಗಾಡಿ ಕೆಟ್ಟು ನಿಂತರೆ “ಬಂದ್ ಬಿತ್ತು” ಅನ್ನುತ್ತಾಳೆ. ಮರಾಠಿಯ ‘ಬಂದ್ ಪಡಲಿ’ಯ ನೆರಳು ಇರಬೇಕು. ನಾವೇ ನಿಲ್ಲಿಸಿದರೆ ‘ಬಂದ್ ಮಾಡಿದೆ’, ತಾನೇ ನಿಂತರೆ ‘ಬಂದ್ ಬಿತ್ತು’. ಈ ವ್ಯತ್ಯಾಸ ನನಗೆ ತುಂಬಾ ಇಷ್ಟ ಆಯಿತು. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದಾಗ ಎರಡೇ ಮಾತಿನಲ್ಲಿ ವಿಷಯ ತಿಳಿಯುತ್ತೆ. ಆದರೆ ಇಂಜಿನ್ ನಿಲ್ಲಿಸೋದಕ್ಕೆ ‘ಚಾವಿ ತಗಿ’ ಅನ್ನೋ ರೂಢಿಯೂ ಇದೆ. ಓಡುವಾಗಲೇ ಇಂಜಿನ್ ಬಂದ್ ಬಿದ್ದರೆ ಇದು ಸಲ್ಲದು. ಚಾವಿ ಹೊರಗೆ ಎಳೆದರೆ ಸ್ಟೇರಿಂಗ್ ಲಾಕ್ ಆಗಬಹುದು. ಗಾಡಿ ಪೂರ್ತಿ ನಿಲ್ಲುವ ತನಕ ಚಾವಿ ಅಲ್ಲೇ ಇರಬೇಕು.

ನಿಮ್ಮಲ್ಲಿ ಯಾರಾದರೂ ಇಂಜಿನ್, ಪಂಪ್‌ಸೆಟ್, ಟ್ರ್ಯಾಕ್ಟರ್ ನಿಲ್ಲಿಸೋದಕ್ಕೆ ‘ಆರಿಸು’ ಅನ್ನೋದನ್ನು ಕೇಳಿದ್ದೀರಾ? ಹಳೇ ತಲೆಮಾರಿನವರು ಮಾತ್ರ ಹಾಗೆ ಅಂತಾರಾ? ‘ಆರಲು ಬಿಡಿ’ ಅನ್ನೋದು ಮೈಸೂರು, ಮಂಗಳೂರು ಕಡೆಯವರಿಗೆ ‘ಮುಟ್ಟದೆ ಕಾಯಿರಿ’ ಅಂತ ಅರ್ಥ ಆಗುತ್ತಾ, ಅಥವಾ ‘ಒಣಗಲಿ’ ಅಂತ ಕೇಳಿಸುತ್ತಾ? ಊರಿನ ಹೆಸರು ಸೇರಿಸಿ ಬರೆಯಿರಿ. ಚೀಟಿ ಅಚ್ಚಿಗೆ ಹೋಗುವ ಮುಂಚೆ ತಿದ್ದಿಕೊಳ್ಳುತ್ತೇನೆ.