ಪಠ್ಯಪುಸ್ತಕವನ್ನು ಹಲವು ಸಲ ಓದಿದರೂ ನೆನಪಿನಲ್ಲಿ ಉಳಿಯುತ್ತಿಲ್ಲ: ಓದುವ ಕ್ರಮ ಹೇಗಿರಬೇಕು?

ಪ್ರಶ್ನೆ (ಪ್ರಥಮ ಪಿಯುಸಿ ವಿದ್ಯಾರ್ಥಿನಿ):

ಮಾನ್ಯರೇ, ನಾನು ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದೇನೆ. ಎನ್‌ಸಿಇಆರ್‌ಟಿ ಜೀವಶಾಸ್ತ್ರದ ಒಂದೊಂದು ಅಧ್ಯಾಯವನ್ನೂ ಮೂರು ನಾಲ್ಕು ಸಲ ಓದಿ, ಮುಖ್ಯವೆನಿಸಿದ ಸಾಲುಗಳಿಗೆಲ್ಲ ಹೈಲೈಟರ್ ಹಚ್ಚುತ್ತೇನೆ. ಓದುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ. ಆದರೆ ಕಿರುಪರೀಕ್ಷೆಯ ಹೊತ್ತಿಗೆ ಅರ್ಧಕ್ಕರ್ಧ ಮರೆತಿರುತ್ತದೆ. ಇನ್ನೂ ಹೆಚ್ಚು ಸಲ ಓದಬೇಕೇ, ಅಥವಾ ಓದುವ ಕ್ರಮವೇ ಬದಲಾಗಬೇಕೇ?

ಪ್ರತಿಕ್ರಿಯೆ 1 (ಜೀವಶಾಸ್ತ್ರ ಉಪನ್ಯಾಸಕಿ):

ಕ್ರಮವೇ ಬದಲಾಗಬೇಕು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳ ಒಂದು ಗುಂಪು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿತು. ಮತ್ತೊಂದು ಗುಂಪು ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಅದನ್ನು ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪಿಗೆ ಶೇ. 83ರಷ್ಟು ಮತ್ತು ಎರಡನೆಯದಕ್ಕೆ ಶೇ. 71ರಷ್ಟು ನೆನಪಿತ್ತು. ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಿಬಿದ್ದು, ಮೊದಲನೆಯದಕ್ಕೆ ಶೇ. 40, ಎರಡನೆಯದಕ್ಕೆ ಶೇ. 61 ಆಯಿತು. ಓದಿದ ಕೂಡಲೇ 'ತಿಳಿಯಿತು' ಎನ್ನಿಸುವುದನ್ನು ನಂಬಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ವಿಸರ್ಜನಾಂಗಗಳ ಅಧ್ಯಾಯವನ್ನೇ ತೆಗೆದುಕೊಳ್ಳಿ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸೂಕ್ಷ್ಮ ಘಟಕವಾದ ನೆಫ್ರಾನ್ ಕುರಿತ ಭಾಗವನ್ನು ಒಮ್ಮೆ ನಿಧಾನವಾಗಿ ಓದಿ, ಪುಸ್ತಕ ಮುಚ್ಚಿ, ಚಿತ್ರವನ್ನು ನೆನಪಿನಿಂದಲೇ ಬಿಡಿಸಿ ಭಾಗಗಳನ್ನು ಗುರುತಿಸಿ. ಅನಂತರ, ನೆಫ್ರಾನಿನಲ್ಲಿ U ಆಕಾರಕ್ಕೆ ಬಾಗಿದ ನಳಿಕೆಯಾದ ಹೆನ್ಲೆ ಲೂಪಿನ ಇಳಿಯುವ ಭಾಗ ನೀರನ್ನು ಹೊರಬಿಡುತ್ತದೆ, ಏರುವ ಭಾಗ ಬಿಡುವುದಿಲ್ಲ, ಎರಡೂ ಒಂದೇ ಬಗೆಯಾಗಿದ್ದರೆ ಮೂತ್ರ ಸಾಂದ್ರವಾಗುತ್ತಿತ್ತೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ತಡವರಿಸಿದ ಕಡೆಗೆ ಮಾತ್ರ ಪುಸ್ತಕ ತೆರೆಯಿರಿ, ಎರಡು ಮೂರು ದಿನ ಬಿಟ್ಟು ಇದನ್ನೇ ಮತ್ತೊಮ್ಮೆ ಮಾಡಿ. ಹೈಲೈಟರ್ ಬಳಸಲೇಬೇಕಿದ್ದರೆ, ನೆನಪಿಗೆ ಬಾರದೇ ಹೋದ ಸಾಲುಗಳಿಗಷ್ಟೇ ಹಚ್ಚಿ.

ಪ್ರತಿಕ್ರಿಯೆ 2 (ಭೌತಶಾಸ್ತ್ರ ಉಪನ್ಯಾಸಕ):

ಮೇಡಂ ಅವರ ಮಾತು ಸರಿ, ಆದರೆ ಅದೇ ಕ್ರಮವನ್ನು ಭೌತಶಾಸ್ತ್ರಕ್ಕೆ ಹಾಗೆಯೇ ಹಚ್ಚಿದರೆ ಸಾಲದು. ಅರ್ಥವಾಗದ ಪುಟವನ್ನು ಮುಚ್ಚಿಟ್ಟು ನೆನಪಿಸಿಕೊಳ್ಳುವುದು ಬರಿಯ ಬಾಯಿಪಾಠವಾಗುತ್ತದೆ. ಇಲ್ಲಿ ಬಿಡಿಸಿದ ಉದಾಹರಣೆಗಳೇ ಪಾಠದ ಜೀವ. ಚಲನೆಯ ನಿಯಮಗಳ ಅಧ್ಯಾಯದಲ್ಲಿ, ರೈಲಿನ ನೆಲದ ಮೇಲಿರುವ ಪೆಟ್ಟಿಗೆ ಜಾರದಂತಿರಲು ರೈಲಿನ ಗರಿಷ್ಠ ವೇಗೋತ್ಕರ್ಷ ಎಷ್ಟಿರಬಹುದು ಎಂಬ ಲೆಕ್ಕವಿದೆ. ಸ್ಥಿತ ಘರ್ಷಣಾ ಗುಣಾಂಕ (ಜಾರುವ ಮುನ್ನ ಘರ್ಷಣೆ ಎಷ್ಟರಮಟ್ಟಿಗೆ ಹಿಡಿದಿಡಬಲ್ಲದು ಎಂಬುದರ ಅಳತೆ) 0.15 ಎಂದಷ್ಟೇ ಓದಿಕೊಂಡು, ಪರಿಹಾರವನ್ನು ಕಾಗದದಿಂದ ಮುಚ್ಚಿ ನೀವೇ ಬಿಡಿಸಿ. ಪೆಟ್ಟಿಗೆಯನ್ನು ರೈಲಿನೊಂದಿಗೆ ಮುಂದಕ್ಕೆ ಒಯ್ಯುತ್ತಿರುವ ಬಲ ಘರ್ಷಣೆಯೇ ಎಂಬುದು ಹೊಳೆದರೆ, ಸೆಕೆಂಡಿನ ವರ್ಗಕ್ಕೆ 1.5 ಮೀಟರ್ ಎಂಬ ಉತ್ತರ ಎರಡೇ ಸಾಲಿನಲ್ಲಿ ಬರುತ್ತದೆ; ಘರ್ಷಣೆ ಯಾವಾಗಲೂ ಚಲನೆಯನ್ನು ತಡೆಯುತ್ತದೆ ಎಂಬ ತಪ್ಪು ಕಲ್ಪನೆಯೂ ಅಲ್ಲಿಯೇ ಕಳಚುತ್ತದೆ. ಅಧ್ಯಾಯದ ಕೊನೆಯಲ್ಲಿ ಅಭ್ಯಾಸಕ್ಕೆ ಮುಂಚೆ ಬರುವ ಚಿಂತನೆಯ ಅಂಶಗಳನ್ನು ಹೆಚ್ಚಿನ ಮಕ್ಕಳು ಹಾರಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಅಧ್ಯಾಯದಲ್ಲಿ ಎರಡನೆಯ ಓದಿಗೆ ಹೆಚ್ಚು ಯೋಗ್ಯವಾದ ಭಾಗ ಅದೇ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು ಸರ್, ಮೇಡಂ. ಹೀಗೆ ಓದಿದರೆ ಒಂದು ಅಧ್ಯಾಯಕ್ಕೇ ಬಹಳ ಸಮಯ ಹಿಡಿಯುವುದಿಲ್ಲವೇ?

ಪ್ರತಿಕ್ರಿಯೆ 1ರವರು:

ಮೊದಲ ಸಲ ಹಿಡಿಯುತ್ತದೆ. ಆದರೆ ಮೂರನೆಯ, ನಾಲ್ಕನೆಯ ಓದುಗಳು ಬೇಕಾಗುವುದಿಲ್ಲವಲ್ಲ, ಆ ಸಮಯವನ್ನೇ ಇಲ್ಲಿಗೆ ತನ್ನಿ. ಇಡೀ ಅಧ್ಯಾಯವನ್ನು ಒಟ್ಟಿಗೆ ಹಿಡಿಯದೆ, ಒಂದೊಂದು ಉಪಶೀರ್ಷಿಕೆ ಮುಗಿದೊಡನೆ ಪುಸ್ತಕ ಮುಚ್ಚಿ ಬರೆದು ನೋಡಿ.