ಕೈಗೆಟುಕುವ ಹಗುರ ಹಿಂಚಕ್ರ ಕೂಪೆಗಳು ಮತ್ತೆ ಬರುತ್ತವೆಯೇ?

ಪ್ರಶ್ನೆ:
ಟೊಯೋಟಾ ಎಇ86, ನಿಸ್ಸಾನ್ ಸಿಲ್ವಿಯಾ ತರಹದ ಹಿಂಚಕ್ರ ಕೂಪೆಗಳನ್ನು, ಅಂದರೆ ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಎರಡು ಬಾಗಿಲಿನ ಕಾರುಗಳನ್ನು, ಒಂದು ಕಾಲಕ್ಕೆ ಸಾಧಾರಣ ಸಂಬಳದವರೂ ಕೊಳ್ಳುತ್ತಿದ್ದರು. ಈಗ ಹೊಸದು ಬೇಕೆಂದರೆ ಜಿಆರ್86, ಅದರ ಜೋಡಿ ಸುಬಾರು ಬಿಆರ್‌ಝಡ್, ಮಾಜ್ದಾ ಎಂಎಕ್ಸ್-5 ಬಿಟ್ಟು ಬೇರೆ ಹೆಸರು ಹೊಳೆಯುವುದಿಲ್ಲ. ಇಂಥ ಕಾರು ಮಾಡಲು ಕಂಪನಿಗಳಿಗೆ ಆಗುತ್ತಿಲ್ಲವೋ, ಮನಸ್ಸಿಲ್ಲವೋ? ಎಲೆಕ್ಟ್ರಿಕ್ ಕಾರುಗಳಲ್ಲಿ ಮೋಟಾರು ಹಿಂದಿನ ಆಕ್ಸಲ್‌ನಲ್ಲೇ ಇರುತ್ತದಲ್ಲ, ಇವು ಮರಳಿ ಬರುವ ದಾರಿ ಅದೇ ಆಗಬಹುದೇ? ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಹೇಳಿ ಸರ್.

ಉತ್ತರ (ವಾಹನ ವಿನ್ಯಾಸ ಎಂಜಿನಿಯರ್):
ಮಾಡಲು ಖಂಡಿತ ಆಗುತ್ತದೆ. 1989ರ ಮೊದಲ ಎಂಎಕ್ಸ್-5 ಜಪಾನಿನಲ್ಲಿ 940 ಕೆಜಿ ಇತ್ತು. 2015ರ ನಾಲ್ಕನೇ ತಲೆಮಾರಿನಲ್ಲಿ 1.5 ಲೀಟರ್ ಎಂಜಿನ್ನಿನ ಅತಿ ಹಗುರ ಮಾದರಿ 990 ಕೆಜಿ. ಏರ್‌ಬ್ಯಾಗ್, ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್, ಗಟ್ಟಿ ಬಾಡಿ ಎಲ್ಲ ಸೇರಿಯೂ ಏರಿದ್ದು ಬರೀ 50 ಕೆಜಿ. ಬಾನೆಟ್, ಡಿಕ್ಕಿಯ ಮುಚ್ಚಳ, ಮುಂದಿನ ಫೆಂಡರ್ ಅಲ್ಯೂಮಿನಿಯಂನವು. ಚಕ್ರಕ್ಕೆ ನಾಲ್ಕೇ ನಟ್, ಟೈರು 195/50 ಆರ್16. ಟೈರು ಚಿಕ್ಕದಾದರೆ ರಿಮ್ ಹಗುರ, ಆಗ ಹಬ್, ಬ್ರೇಕ್, ಸಸ್ಪೆನ್ಷನ್ ಆರ್ಮ್ ಎಲ್ಲವನ್ನೂ ಚಿಕ್ಕದು ಮಾಡಬಹುದು. ಎಂಜಿನ್ ಸಣ್ಣದಾದರೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರು), ರೇಡಿಯೇಟರ್ ಕೂಡ ಇಳಿಯುತ್ತವೆ. ಇದಕ್ಕೆ ಕಾರ್ಬನ್ ಫೈಬರ್ ಬೇಕಿಲ್ಲ, ಶುರುವಿನಿಂದಲೇ ಹಟ ಬೇಕು.

ತೊಡಕು ಇರುವುದು ತಳಪಾಯದಲ್ಲಿ, ಅಂದರೆ ಪ್ಲಾಟ್‌ಫಾರ್ಮ್‌ನಲ್ಲಿ. 1983ರಲ್ಲಿ ಕೊರೋಲಾದ ಸೆಡಾನ್‌ಗಳು ಮುಂಚಕ್ರ ಚಾಲನೆಗೆ ಹೊರಳಿದಾಗ ಹಳೆಯ ಹಿಂಚಕ್ರ ಪ್ಲಾಟ್‌ಫಾರ್ಮನ್ನೇ ಅದರ ಕೂಪೆಯಾದ ಎಇ86ಗೆ ಉಳಿಸಿಕೊಂಡರು. ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಗಟ್ಟಿ ಆಕ್ಸಲ್, ನೆಲದ ಟನಲ್‌ಗಳ ಬಂಡವಾಳವನ್ನು ಮನೆಮಂದಿಯ ಸೆಡಾನ್‌ಗಳು ಅಷ್ಟರಲ್ಲಿ ತೀರಿಸಿದ್ದವು. ಇವತ್ತಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ, ಶಕ್ತಿ ಮುಂದಿನ ಚಕ್ರಕ್ಕೆ ಹೋಗುತ್ತದೆ. ಬಿಎಂಡಬ್ಲ್ಯುದ 1 ಸೀರೀಸ್ ಕೂಡ 2019ರಲ್ಲಿ ಅದೇ ದಾರಿ ಹಿಡಿಯಿತು. ಈಗ ಯಾರಾದರೂ ಹಿಂಚಕ್ರ ಚಾಲನೆಗಾಗಿ ಎಂಜಿನ್ ಉದ್ದಕ್ಕೆ ಇಡಬೇಕೆಂದರೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹಿಂದಿನ ಸಬ್‌ಫ್ರೇಮ್, ಫ್ಲೋರ್ ಪ್ಯಾನೆಲ್, ಮುಂಭಾಗದ ಕ್ರ್ಯಾಶ್ ರಚನೆ ಎಲ್ಲಕ್ಕೂ ಹೊಸ ಡೈ (ಅಚ್ಚು) ಮಾಡಿಸಬೇಕು. ಆ ಖರ್ಚು ಹಂಚಿಕೊಳ್ಳಲು ಪಕ್ಕದಲ್ಲಿ ಸೆಡಾನ್ ಇಲ್ಲ. ಮೇಲಾಗಿ ಸ್ಪೋರ್ಟ್ಸ್ ಕಾರು ಬಂದ ಒಂದೆರಡು ವರ್ಷ ಚೆನ್ನಾಗಿ ಮಾರಾಟವಾಗಿ ಆಮೇಲೆ ಜಾರುತ್ತದೆ.

ಹಾಗಾಗಿಯೇ ಟೊಯೋಟಾ ಮತ್ತು ಸುಬಾರು ಕೈಜೋಡಿಸಿದವು. 2012ರ ಜಿಟಿ86 (ಜಿಆರ್86ರ ಮೊದಲ ತಲೆಮಾರು), ಬಿಆರ್‌ಝಡ್ ಎರಡೂ ಸುಬಾರುವಿನ ಗುನ್ಮಾ ಕಾರ್ಖಾನೆಯಲ್ಲೇ ತಯಾರಾದವು. 2016ರ ಫಿಯಟ್ 124 ಸ್ಪೈಡರ್ ತಯಾರಾದದ್ದು ಹಿರೋಶಿಮಾದಲ್ಲಿ, ಎಂಎಕ್ಸ್-5 ತಳಪಾಯದ ಮೇಲೆ. ಒಂಟಿಯಾಗಿ ಹೊರಟವರ ಕಥೆ ಬೇರೆ. ನಿಸ್ಸಾನ್ 2013ರಲ್ಲಿ ಐಡಿಎಕ್ಸ್, ಟೊಯೋಟಾ 2015ರಲ್ಲಿ ಎಸ್-ಎಫ್‌ಆರ್ ತೋರಿಸಿದವು. ಎರಡೂ ಪ್ರದರ್ಶನದ ವೇದಿಕೆ ಇಳಿಯಲಿಲ್ಲ. ಹೋಂಡಾ ಪ್ರಿಲ್ಯೂಡ್ 2025ರಲ್ಲಿ ಮರಳಿತು, ಆದರೆ ಸಿವಿಕ್ ತಳಪಾಯದ ಮೇಲೆ, ಹೈಬ್ರಿಡ್ ಆಗಿ, ಮುಂಚಕ್ರ ಚಾಲನೆಯಲ್ಲಿ. ಕಾರು ಚೆನ್ನಾಗಿರಬಹುದು, ನೀವು ಕೇಳುತ್ತಿರುವ ಜಾತಿಯದಲ್ಲ.

ಉತ್ತರ (ಹೋಮೊಲೊಗೇಶನ್, ಅಂದರೆ ಕಾರಿಗೆ ಸರ್ಕಾರಿ ಅನುಮೋದನೆ ಪಡೆಯುವ ವಿಭಾಗದಲ್ಲಿ ಕೆಲಸ):
ಮೇಲಿನವರು ಹೇಳಿದ ಖರ್ಚಿಗೆ ಕಾನೂನಿನ ಖರ್ಚನ್ನೂ ಸೇರಿಸಿ. ಯುರೋಪ್ ಒಕ್ಕೂಟದಲ್ಲಿ ಕಂಪನಿ ಮಾರುವ ಹೊಸ ಕಾರುಗಳ ಸರಾಸರಿ ಕಾರ್ಬನ್ ಡೈಆಕ್ಸೈಡ್ ಮಿತಿ ಮೀರಿದರೆ, ಮೀರಿದ ಪ್ರತಿ ಗ್ರಾಂಗೆ, ಮಾರಿದ ಪ್ರತಿ ಕಾರಿಗೆ 95 ಯೂರೋ ದಂಡ. 2025ರಿಂದ ಒಟ್ಟಾರೆ ಗುರಿ ಕಿಲೋಮೀಟರ್‌ಗೆ 93.6 ಗ್ರಾಂ. ಜಿಆರ್86 ತರಹದ ಕಾರು ಸುಮಾರು 200 ಗ್ರಾಂ ಬಿಡುತ್ತದೆ. ಮಿತಿಯ ಅಂಚಿನಲ್ಲಿ ನಿಂತಿರುವ ಕಂಪನಿ ಇಂಥ ಒಂದು ಕಾರು ಹೆಚ್ಚಿಗೆ ಮಾರಿದರೆ 106 ಗುಣಿಸು 95, ಅಂದರೆ ಹತ್ತು ಸಾವಿರ ಯೂರೋ ಹೊರೆ. ಅಗ್ಗದ ಕಾರಿನಲ್ಲಿ ಅಷ್ಟು ಲಾಭವೇ ಇರುವುದಿಲ್ಲ. ಸೂಪರ್‌ಕಾರ್ ಮಾರುವವನು ಅದನ್ನು ಬೆಲೆಯಲ್ಲಿ ಸೇರಿಸಿ ಸುಮ್ಮನಾಗುತ್ತಾನೆ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರು ಹೇರಳವಾಗಿ ಮಾರುವ ಕಂಪನಿಗೆ ಮಾತ್ರ ಸರಾಸರಿಯಲ್ಲಿ ಒಂದಿಷ್ಟು ಜಾಗ ಇರುತ್ತದೆ. ಮುಂದೆ ಇಂಥ ಕೂಪೆ ಬರುವುದಾದರೆ ಅಂಥವರಿಂದಲೇ.

ಇನ್ನು ಸುರಕ್ಷತೆ. ಜುಲೈ 2024ರಿಂದ ಅಲ್ಲಿ ನೋಂದಣಿಯಾಗುವ ಪ್ರತಿ ಹೊಸ ಕಾರಿಗೂ ತುರ್ತು ಸ್ವಯಂ ಬ್ರೇಕ್, ವೇಗಮಿತಿಯ ಎಚ್ಚರಿಕೆ, ಲೇನ್ ತಪ್ಪಿದಾಗ ನೆರವು, ಚಾಲಕನ ಮಂಪರು ಪತ್ತೆ ಕಡ್ಡಾಯ. ಕ್ಯಾಮೆರಾ, ರೇಡಾರ್ ಸೇರಿ ತೂಕ ಕೆಲವೇ ಕೆಜಿ, ತೂಕದ ದೂರು ಇಲ್ಲಿ ಸಲ್ಲದು. ಕಷ್ಟವೆಂದರೆ ಆ ಸಾಧನಗಳಿಗೆ ತಕ್ಕಂತೆ ವೈರಿಂಗ್, ಸ್ಟೀರಿಂಗ್ ಮೋಟಾರು, ಬ್ರೇಕ್ ಯೂನಿಟ್ ಎಲ್ಲ ಒಂದೇ ನೆಟ್‌ವರ್ಕ್‌ನಲ್ಲಿ ಮಾತಾಡಬೇಕು. ಹಳೆಯ ಎಲೆಕ್ಟ್ರಾನಿಕ್ ವಿನ್ಯಾಸಕ್ಕೆ ಅದನ್ನು ಹೊಲಿಯುವುದು ದುಬಾರಿ. ಎಂಎಕ್ಸ್-5ಗೆ ಮಾಜ್ದಾ ಆ ಕೆಲಸ ಮಾಡಿತು, ಉಳಿಯಿತು. ಜಿಆರ್86 ಅದೇ ವರ್ಷ ಯುರೋಪಿನ ಮಾರುಕಟ್ಟೆಯಿಂದ ಹೊರಟಿತು. ಇದು ಹೊಸ ರೋಗವೂ ಅಲ್ಲ, ಎಸ್15 ಸಿಲ್ವಿಯಾ 2002ರಲ್ಲಿ ನಿಂತದ್ದು ಜಪಾನಿನ ಹೊಗೆ ನಿಯಮ ಬಿಗಿಯಾದಾಗ.

ಪ್ರಶ್ನೆ:
ಧನ್ಯವಾದ ಸರ್. ಹಾಗಾದರೆ ಈಗಿರುವ ಮುಂಚಕ್ರ ಕಾರಿನ ಎಂಜಿನ್, ಗೇರ್‌ಬಾಕ್ಸನ್ನೇ ಸೀಟಿನ ಹಿಂದೆ ಇಟ್ಟರೆ? ಎಲೆಕ್ಟ್ರಿಕ್ ಬಗ್ಗೆಯೂ ಹೇಳಿ.

ಉತ್ತರ (ವಾಹನ ವಿನ್ಯಾಸ ಎಂಜಿನಿಯರ್):
ಒಳ್ಳೆಯ ಪ್ರಶ್ನೆ. ಅಗ್ಗದಲ್ಲಿ ಹಿಂಚಕ್ರ ಚಾಲನೆ ಪಡೆಯಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ. 1972ರ ಫಿಯಟ್ ಎಕ್ಸ್1/9, 1984ರ ಟೊಯೋಟಾ ಎಂಆರ್2, 1995ರ ಎಂಜಿಎಫ್, 1996ರ ಲೋಟಸ್ ಎಲೀಸ್ ಎಲ್ಲವೂ ಹೀಗೇ ಹುಟ್ಟಿದವು. ಪ್ರೊಪೆಲ್ಲರ್ ಶಾಫ್ಟ್ ಬೇಡ, ಬೇರೆ ಡಿಫರೆನ್ಷಿಯಲ್ ಬೇಡ. ಬದಲಿಗೆ ಬೇರೆ ಪೇಚುಗಳು ಬರುತ್ತವೆ. ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ ಇರುವುದರಿಂದ ಕೂಲಂಟ್ ಪೈಪು ಕಾರಿನುದ್ದಕ್ಕೂ ಹೋಗಬೇಕು. ಗಾಳಿಗುಳ್ಳೆ ತೆಗೆಯಲು ಅತಿ ಎತ್ತರದ ಜಾಗದಲ್ಲಿ ಬ್ಲೀಡ್ ಸ್ಕ್ರೂ ಇಡದಿದ್ದರೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ತೂಕ ಹಿಂದೆ ಹೆಚ್ಚಿರುವ ಕಾರಣ ತಿರುವಿನ ನಡುವೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಬೇಗ ಜಾರುತ್ತದೆ. ಸಾಮಾನು ಇಡಲು ಜಾಗವೂ ಕಡಿಮೆ, ಹಿಂದಿನ ಸೀಟಂತೂ ಇಲ್ಲವೇ ಇಲ್ಲ. ಒಂದೇ ಕಾರು ಇಟ್ಟುಕೊಳ್ಳುವವರು ಅಲ್ಲೇ ಹಿಂಜರಿಯುತ್ತಾರೆ. ಟೊಯೋಟಾ 2025ರ ಜನವರಿಯಲ್ಲಿ ಟೋಕಿಯೋ ಆಟೋ ಸಲೂನ್‌ನಲ್ಲಿ ಎಂಜಿನ್ ನಡುವೆ ಇಟ್ಟ ಜಿಆರ್ ಯಾರಿಸ್ ತೋರಿಸಿತು. ನಾನು ಕುತೂಹಲದಿಂದ ನೋಡುತ್ತಿರುವ ಪ್ರಯೋಗ ಅದು, ಆದರೆ ಅದು ನಾಲ್ಕೂ ಚಕ್ರ ಚಾಲನೆಯದು.

ಎಲೆಕ್ಟ್ರಿಕ್‌ನಲ್ಲಿ ತಳಪಾಯದ ಸಮಸ್ಯೆ ನಿಜಕ್ಕೂ ಕರಗುತ್ತದೆ, ಹಿಂದಿನ ಮೋಟಾರು ಈಗ ಸಾಮಾನ್ಯ ಭಾಗ. ಉಳಿಯುವುದು ಬ್ಯಾಟರಿ ತೂಕ. ಪ್ಯಾಕ್ ಮಟ್ಟದಲ್ಲಿ ಕೆಜಿಗೆ 150ರಿಂದ 160 ವ್ಯಾಟ್ ಅವರ್ ಎಂದು ಹಿಡಿದರೆ 50 ಕಿಲೋವ್ಯಾಟ್ ಅವರ್‌ಗೆ 310ರಿಂದ 330 ಕೆಜಿ. 30ಕ್ಕೆ ಇಳಿಸಿದರೆ ಸುಮಾರು 200 ಕೆಜಿ, ಕಾರು 1,200ರ ಒಳಗೆ ಕೂರಬಹುದು. ಆದರೆ ಟ್ರ್ಯಾಕಿನಲ್ಲಿ ಸರಾಸರಿ 80ರಿಂದ 100 ಕಿಲೋವ್ಯಾಟ್ ಎಳೆದರೆ ಅದು 18ರಿಂದ 22 ನಿಮಿಷದಲ್ಲಿ ಖಾಲಿ. ಸಣ್ಣ ಪ್ಯಾಕಿನಿಂದ ಅಷ್ಟು ಶಕ್ತಿ ಸೆಳೆದರೆ ಸೆಲ್ ಬೇಗ ಬಿಸಿಯೇರುತ್ತದೆ, ಕಂಟ್ರೋಲರ್ ತಾನಾಗಿ ಶಕ್ತಿ ಕಡಿತ ಮಾಡುತ್ತದೆ. ದೂರ ಹೋಗಲು ದೊಡ್ಡ ಪ್ಯಾಕ್ ಹಾಕಿದರೆ ಎಂಜಿ ಸೈಬರ್‌ಸ್ಟರ್ ಹಾಗೆ ಆಗುತ್ತದೆ: 77 ಕಿಲೋವ್ಯಾಟ್ ಅವರ್, ತೂಕ 1,800 ಕೆಜಿ ದಾಟಿತು. ಸೆಲ್‌ಗಳ ಶಕ್ತಿ ಸಾಂದ್ರತೆ ಇನ್ನೂ ಅರ್ಧದಷ್ಟು ಹೆಚ್ಚಿದ ದಿನ ಈ ಲೆಕ್ಕ ಬದಲಾದೀತು.

ನನ್ನ ಅಂದಾಜು ಇಷ್ಟೇ. ಐದಾರು ಕಂಪನಿಗಳು ಎದುರುಬದುರು ನಿಂತ ಆ ಕಾಲ ಮರಳುವುದಿಲ್ಲ. ಒಂದೋ ಎರಡೋ ಕಾರು, ಇಬ್ಬರು ಸೇರಿ ಮಾಡಿದ್ದು, ಯಾವಾಗಲೂ ಇರುತ್ತದೆ. ಪ್ರದರ್ಶನದ ಕಾನ್ಸೆಪ್ಟ್ ನೋಡಿ ಹಣ ಕೂಡಿಡಬೇಡಿ. ಯಾವ ಕಾರ್ಖಾನೆಯಲ್ಲಿ ಮಾಡುತ್ತಾರೆ, ಗೇರ್‌ಬಾಕ್ಸ್ ಯಾರು ಕೊಡುತ್ತಾರೆ ಎಂಬ ಸುದ್ದಿ ಬಂದಾಗ ನಂಬಿ.

ಪ್ರಶ್ನೆ:
ಹಾಗಿದ್ದರೆ ಈಗಲೇ ಯಾರೋ ಬಳಸಿದ ಒಂದು ಜಿಟಿ86 ಅಥವಾ ಜಿಆರ್86 ನೋಡುವುದು ಮೇಲು ಅನ್ನಿಸುತ್ತಿದೆ. ಕೊಳ್ಳುವ ಮುಂಚೆ ಏನು ಪರೀಕ್ಷಿಸಬೇಕು?

ಉತ್ತರ (ಎಂಜಿನ್ ಮೆಕ್ಯಾನಿಕ್):
ಮೊದಲ ತಲೆಮಾರಿನ 2.0 ಲೀಟರ್ ಎಫ್‌ಎ20 ಎಂಜಿನ್ನಿನಲ್ಲಿ 2012-13ರ ಕಾರುಗಳಿಗೆ ವಾಲ್ವ್ ಸ್ಪ್ರಿಂಗ್ ರಿಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ಕರೆಸುವುದು) ಆಗಿದೆ. ಆ ಕೆಲಸಕ್ಕೆ ಎಂಜಿನ್ ಇಳಿಸಿ ಮುಂದಿನ ಟೈಮಿಂಗ್ ಕವರ್ ಬಿಚ್ಚಬೇಕು. ಮತ್ತೆ ಜೋಡಿಸುವಾಗ ಸೀಲಂಟ್ ಹೆಚ್ಚು ಬಳಿದರೆ ಒಳಗೆ ಹಿಂಡಿ ಬಂದ ತುಣುಕು ಕಳಚಿ ಆಯಿಲ್ ದಾರಿ ಮುಚ್ಚುತ್ತದೆ, ಬೇರಿಂಗ್ ಸುಡುತ್ತದೆ. ಆದ್ದರಿಂದ ರಿಕಾಲ್ ಆಗಿದೆ ಎಂಬ ಕಾಗದದ ಜೊತೆಗೆ ಆಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂದೂ ಕೇಳಿ. ಹಲವು ಸಾವಿರ ಕಿಲೋಮೀಟರ್ ಸದ್ದಿಲ್ಲದೆ ಓಡಿದ್ದರೆ ಭಯ ಕಡಿಮೆ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಇಂಧನ ಪಂಪಿನ ಚಿಟಿಚಿಟಿ ಸದ್ದು ಸಹಜ. ಕೆಳಗಿನಿಂದ ಭಾರವಾದ ಟಕಟಕ ಬಂದು, ಆಕ್ಸಿಲರೇಟರ್ ಒತ್ತಿದಂತೆ ಅದೂ ಏರಿದರೆ ಆ ಕಾರು ಬೇಡ.

ಎರಡನೇ ತಲೆಮಾರಿನ 2.4 ಲೀಟರ್ ಎಫ್‌ಎ24ರಲ್ಲಿ ಟಾರ್ಕ್ 205ರಿಂದ 250 ನ್ಯೂಟನ್ ಮೀಟರ್‌ಗೆ ಏರಿತು, ಅದೂ 3,700 ಆರ್‌ಪಿಎಂನಲ್ಲೇ ಸಿಗುತ್ತದೆ, ಓಡಿಸಲು ಬಹಳ ಹಿತ. ಆದರೆ ಇಲ್ಲೂ ಸೀಲಂಟ್ ತುಣುಕು ಆಯಿಲ್ ಹೀರುವ ಕೊಳವೆಯ (ಪಿಕಪ್) ಜಾಲರಿಯಲ್ಲಿ ಸಿಗುತ್ತದೆ. ಆಯಿಲ್ ಬದಲಿಸುವಾಗ ಕೆಳಗಿನ ಸಣ್ಣ ಸಂಪ್ (ಆಯಿಲ್ ತೊಟ್ಟಿ) ಬಿಚ್ಚಿ ಜಾಲರಿ ನೋಡಿಸಿ. ಮುಚ್ಚುವಾಗ ಹಳೆಯ ಸೀಲಂಟ್ ಪೂರ್ತಿ ಕೆರೆದು, ಹೊಸದನ್ನು ತೆಳುವಾಗಿ ಬೋಲ್ಟ್ ತೂತಿನ ಸುತ್ತ ಎಳೆಸಿ, ಇಲ್ಲದಿದ್ದರೆ ತೆಗೆದ ತೊಂದರೆಯನ್ನೇ ಮತ್ತೆ ಒಳಗೆ ಇಟ್ಟಂತೆ. ಟ್ರ್ಯಾಕಿಗೆ ಹೋಗುವವರು ಉದ್ದದ ಬಲ ತಿರುವುಗಳಲ್ಲಿ ಆಯಿಲ್ ಒಂದು ಬದಿಗೆ ಸರಿದು ಒತ್ತಡ ಕುಸಿಯುವುದನ್ನು ನೆನಪಿಡಿ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಎಂದೂ ಮೇಲಿನ ಗುರುತಿಗಿಂತ ಕೆಳಗಿರಬಾರದು, ಆಯಿಲ್ ಬಿಸಿ 120 ಡಿಗ್ರಿ ದಾಟಿದರೆ ನಿಧಾನಿಸಿ, ಆಯಿಲ್ ಕೂಲರ್ ಹಾಕಿಸಿ. ಬ್ರೇಕ್ ಆಯಿಲ್ ಹೊಸದಿರಲಿ. ಡಾಟ್ 4 ಆಯಿಲ್ ಹೊಸತರಲ್ಲಿ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ 155ಕ್ಕೆ ಇಳಿಯಬಹುದು.

ಗೇರ್ ತಣ್ಣಗಿರುವಾಗ ಎರಡನೆಯದಕ್ಕೆ ಬಿಗಿಯಾದರೆ ಹೆದರಬೇಡಿ. ಬಿಸಿಯಾದ ಮೇಲೂ ಕರ್ರೆಂದರೆ ಸಿಂಕ್ರೊನೈಸರ್ (ಗೇರುಗಳ ವೇಗ ಹೊಂದಿಸುವ ಉಂಗುರ) ಸವೆದಿದೆ. ಎಂಎಕ್ಸ್-5 ಕಡೆ ಮನಸ್ಸು ಹೋದರೆ, ಹಳೆಯ ಎರಡು ತಲೆಮಾರಿನಲ್ಲಿ ಹಿಂದಿನ ಚಕ್ರದ ಮುಂದಿರುವ ಸಿಲ್ (ಬಾಗಿಲ ಕೆಳಗಿನ ಬಾಡಿಯ ಅಂಚು) ಬೆರಳಿನಿಂದ ಒತ್ತಿ ನೋಡಿ. ಮೇಲ್ಛಾವಣಿಯ ನೀರು ಇಳಿಯುವ ಕೊಳವೆ ಕಸ ಕಟ್ಟಿದರೆ ನೀರು ಅಲ್ಲಿ ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ, ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ವೆಲ್ಡಿಂಗ್ ಬಿಟ್ಟು ಬೇರೆ ಉಪಾಯ ಇರುವುದಿಲ್ಲ.